ದೋಣಿಗೆ ಸಾಲದ ಕೈಗಳು

1727ರ ಆಗಸ್ಟ್‌ನಲ್ಲಿ ಮೂವರು ಗಂಡಸರೂ ಎಂಟು ಹುಡುಗರೂ ಅಟ್ಲಾಂಟಿಕ್ ಸಾಗರದ ನಡುವೆ ನೆಟ್ಟಗೆ ಎದ್ದು ನಿಂತ ಬಂಡೆಯೊಂದನ್ನು ಹತ್ತಿದರು. ಹತ್ತಿದ್ದು ಗ್ಯಾನೆಟ್ ಎಂಬ ಕಡಲಹಕ್ಕಿಯ ಮರಿಗಳನ್ನು ಹಿಡಿಯಲು. ಬಂಡೆಯ ಹೆಸರು ಸ್ಟಾಕ್ ಅನ್ ಆರ್ಮಿನ್, ಎತ್ತರ 190 ಮೀಟರಿಗೂ ಹೆಚ್ಚು. ಅವರನ್ನು ಇಳಿಸಿದ ದೋಣಿ ಊರಿಗೆ ಮರಳಿತು. ಕೆಲವು ದಿನ ಬಿಟ್ಟು ಬಂದು ಬೇಟೆಯ ಸಮೇತ ಎಲ್ಲರನ್ನೂ ಕರೆದೊಯ್ಯುವುದು ಪ್ರತಿವರ್ಷದ ವಾಡಿಕೆ. ಆ ವರ್ಷ ದೋಣಿ ಬರಲಿಲ್ಲ. ಮಳೆಗಾಳಿ ಕಳೆಯಿತು, ಚಳಿಗಾಲ ಕಳೆಯಿತು. ಹಕ್ಕಿ ತಿಂದು, ಮೀನು ಹಿಡಿದು, ಬಂಡೆಯ ಮೇಲಿನ ಒಂದು ಕಲ್ಲುಗೂಡಿನಲ್ಲಿ ಮುದುರಿಕೊಂಡು ಹನ್ನೊಂದು ಮಂದಿಯೂ ಬದುಕಿದರು. ಜಮೀನುದಾರನ ಕಡೆಯ ದೋಣಿ ಅವರನ್ನು ಇಳಿಸಿಕೊಂಡದ್ದು 1728ರ ಮೇ ತಿಂಗಳಲ್ಲಿ.

ಊರಿನವರು ಅವರನ್ನು ಮರೆತಿರಲಿಲ್ಲ. ಊರಿನಲ್ಲಿ ದೋಣಿ ನಡೆಸುವಷ್ಟು ಜನ ಉಳಿದಿರಲಿಲ್ಲ, ಅಷ್ಟೆ. ಹಿಂದಿನ ವರ್ಷ ಹ್ಯಾರಿಸ್ ದ್ವೀಪಕ್ಕೆ ಹೋಗಿದ್ದ ಊರಿನವನೊಬ್ಬ ಅಲ್ಲಿ ಸಿಡುಬಿನಿಂದ ಸತ್ತಿದ್ದ. ಅವನ ಬಟ್ಟೆಬರೆಯನ್ನು ಊರಿಗೆ ತಂದರು. ಬಟ್ಟೆಯ ಜೊತೆ ರೋಗವೂ ಬಂತು. ಬಂಡೆಗೆ ಹೋದವರು ದಡ ಬಿಟ್ಟ ಮೇಲೆ ಊರು ಮಲಗಿತು. ಉಳಿದವರು ಎಷ್ಟು ಎಂಬ ಲೆಕ್ಕ ಒಂದೊಂದು ಪುಸ್ತಕದಲ್ಲಿ ಒಂದೊಂದು ರೀತಿ: ದೊಡ್ಡವರಲ್ಲಿ ಒಬ್ಬನೇ ಎಂದು ಕೆಲವರು, ನಾಲ್ವರು ಎಂದು ಕೆಲವರು. ತಬ್ಬಲಿಯಾದ ಮಕ್ಕಳು ಹದಿನೆಂಟು ಎಂದೂ ಇದೆ, ಇಪ್ಪತ್ತಾರು ಎಂದೂ ಇದೆ. ಒಂದು ಮಾತ್ರ ನಿರ್ವಿವಾದ. ಬಂಡೆಯ ಮೇಲೆ ಸಿಕ್ಕಿಬಿದ್ದದ್ದರಿಂದಲೇ ಆ ಹನ್ನೊಂದು ಜೀವ ಉಳಿಯಿತು.

ಈ ಊರು ಇದ್ದದ್ದು ಸ್ಕಾಟ್ಲೆಂಡಿಗೆ ಸೇರಿದ ಸೇಂಟ್ ಕಿಲ್ಡಾ ದ್ವೀಪಸಮೂಹದಲ್ಲಿ. ಹೊರ ಹೆಬ್ರಿಡೀಸ್ ದ್ವೀಪಗಳಿಂದಲೇ ಸುಮಾರು 65 ಕಿಲೋಮೀಟರ್ ಪಶ್ಚಿಮಕ್ಕೆ. ಅದರಾಚೆ ಅಮೆರಿಕದ ತನಕ ಬರೀ ನೀರು. ಹಿರ್ಟಾ, ಸೋಯ್, ಬೊರೆರೆ, ಡೂನ್ ಎಂಬ ನಾಲ್ಕು ದ್ವೀಪಗಳು, ಸುತ್ತ ಕೆಲವು ಒಂಟಿ ಬಂಡೆಗಳು. ಎಂದೋ ಸಿಡಿದು ಆರಿದ ಜ್ವಾಲಾಮುಖಿಯೊಂದರ ಅಳಿದುಳಿದ ಅಂಚು ಇವು. ಜನ ನೆಲೆಸಿದ್ದು ಹಿರ್ಟಾದಲ್ಲಿ ಮಾತ್ರ. ಅದರ ಒಟ್ಟು ನೆಲ ಏಳು ಚದರ ಕಿಲೋಮೀಟರಿಗಿಂತ ಕಡಿಮೆ. ಅದರಲ್ಲೂ ಉಳಬಹುದಾದದ್ದು ಆಗ್ನೇಯಕ್ಕೆ ತೆರೆದುಕೊಂಡ ಕೊಲ್ಲಿಯ ಬದಿಯ ಒಂದು ಬೊಗಸೆ ಭೂಮಿ. ಬೆನ್ನಿಗೆ ಕೊನಾಕರ್ ಬೆಟ್ಟ. ಅದು ಇತ್ತ ಹುಲ್ಲಿನ ಇಳಿಜಾರು, ಅತ್ತ 430 ಮೀಟರ್ ಎತ್ತರದಿಂದ ಸೀದಾ ಸಮುದ್ರಕ್ಕೆ ಕಡಿದ ಗೋಡೆ. ಬ್ರಿಟನ್ನಿನಲ್ಲಿ ಇದಕ್ಕಿಂತ ಎತ್ತರದ ಕಡಲಗೋಡೆ ಇಲ್ಲ. ದ್ವೀಪದಲ್ಲಿ ಹೆಸರಿಗೆ ಒಂದು ಮರವಿಲ್ಲ. ಆಗ್ನೇಯದ ಗಾಳಿ ಎದ್ದರೆ ಕೊಲ್ಲಿಗೆ ದೋಣಿ ತರುವಂತಿಲ್ಲ, ಕೊಲ್ಲಿಯಿಂದ ಒಯ್ಯುವಂತಿಲ್ಲ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹೊರಗಿನ ಮುಖ ಕಾಣುತ್ತಿರಲಿಲ್ಲ.

ಸ್ಕೈ ದ್ವೀಪದ ಮಾರ್ಟಿನ್ ಮಾರ್ಟಿನ್ ಎಂಬಾತ 1697ರಲ್ಲಿ ಇಲ್ಲಿಗೆ ಬಂದು ಮರುವರ್ಷ ಪುಸ್ತಕ ಬರೆದ. ಅವನು ಕಂಡಾಗ ಜನ ಸುಮಾರು 180. ಊರಿಗೆಲ್ಲ ಒಂದೇ ದೋಣಿ. ಬಂಡೆ ಇಳಿಯುವ ಹಗ್ಗಗಳು ಮೂರೇ. ಇವು ಯಾರೊಬ್ಬರ ಸ್ವತ್ತೂ ಅಲ್ಲ, ಊರಿನವು. ಬಾರ್ಲಿ, ಓಟ್ಸ್ ಬೆಳೆಯುತ್ತಿದ್ದರು, ಕುರಿ ಸಾಕುತ್ತಿದ್ದರು; ಆದರೆ ಬದುಕು ನಿಂತದ್ದು ಹಕ್ಕಿಯ ಮೇಲೆ. ಹೆಜ್ಜೇನು ಕೀಳುವವರು ನಮ್ಮ ಘಟ್ಟದ ಬಂಡೆಗಳಿಗೆ ಇಳಿಬಿದ್ದ ಹಾಗೆ ಇಲ್ಲಿನ ಗಂಡಸರು ಹಗ್ಗ ಕಟ್ಟಿಕೊಂಡು ಫುಲ್ಮಾರ್, ಗ್ಯಾನೆಟ್, ಪಫಿನ್ ಹಕ್ಕಿಗಳ ಗೂಡಿಗೆ ಇಳಿಯುತ್ತಿದ್ದರು. ಮಾಂಸ ಊಟಕ್ಕೆ, ಫುಲ್ಮಾರ್ ಎಣ್ಣೆ ದೀಪಕ್ಕೂ ಮದ್ದಿಗೂ, ಪುಕ್ಕ ಗೇಣಿಗೆ. ದ್ವೀಪದ ಒಡೆಯರು ಡನ್‌ವೆಗನ್ನಿನ ಮ್ಯಾಕ್ಲೌಡ್ ಮನೆತನದವರು. ಅವರ ಪಾರುಪತ್ಯಗಾರ ಪ್ರತಿ ಬೇಸಿಗೆಯಲ್ಲಿ ದೊಡ್ಡ ಪರಿವಾರದೊಂದಿಗೆ ಬಂದು, ಉಂಡುಟ್ಟು, ಪುಕ್ಕ, ಎಣ್ಣೆ, ಉಣ್ಣೆಬಟ್ಟೆ ಹೇರಿಕೊಂಡು ಹೋಗುತ್ತಿದ್ದ. ಬರುವಾಗ ಉಪ್ಪು, ಕಬ್ಬಿಣ, ಧಾನ್ಯ ತರುತ್ತಿದ್ದ ಎನ್ನುವುದನ್ನೂ ಹೇಳಬೇಕು.

ಹಿಡಿದ ಹಕ್ಕಿಯನ್ನು ಒಣಗಿಸಲು ಕಲ್ಲು ಜೋಡಿಸಿ, ಮೇಲೆ ಹುಲ್ಲುಹೆಂಟೆ ಹೊದಿಸಿದ ಕ್ಲೀಟ್ ಎಂಬ ಸಣ್ಣ ಕಣಜಗಳು. ಕಲ್ಲಿನ ಸಂದುಗಳಲ್ಲಿ ಗಾಳಿ ಆಡುತ್ತದೆ, ಮಳೆ ಒಳಗೆ ಬರುವುದಿಲ್ಲ. ಹಿರ್ಟಾವೊಂದರಲ್ಲೇ ಇಂಥವು ಸಾವಿರದ ಇನ್ನೂರಕ್ಕೂ ಹೆಚ್ಚು ಇವೆ. ಇನ್ನೂರು ದಾಟದ ಜನಕ್ಕೆ ಸಾವಿರದ ಇನ್ನೂರು ಕಣಜ! ಹಸಿವಿನ ಭಯ ಎಷ್ಟಿತ್ತೆಂದು ಬೇರೆ ಯಾವ ದಾಖಲೆಯೂ ಇಷ್ಟು ನೇರವಾಗಿ ಹೇಳಲಾರದು.

ಇಂಥ ಊರಿನಲ್ಲಿ ತಲೆ ಎಣಿಸಿದರೆ ಲೆಕ್ಕ ಸಿಗುವುದಿಲ್ಲ, ಕೈ ಎಣಿಸಬೇಕು. ದೋಣಿಯನ್ನು ನೀರಿಗೆ ನೂಕಿ, ಹುಟ್ಟು ಹಾಕಿ, ಮತ್ತೆ ಅಲೆಯ ಬಾಯಿಂದ ಎಳೆದು ದಡಕ್ಕೆ ಹಾಕಲು ಇಷ್ಟು ಕೈ. ಹಗ್ಗದ ಮೇಲ್ತುದಿ ಹಿಡಿಯಲು ಇಷ್ಟು, ಕೆಳತುದಿಯಲ್ಲಿ ಇಳಿಯಲು ಇಷ್ಟು. ಅದಕ್ಕಿಂತ ಒಂದು ಕಡಿಮೆಯಾದರೂ, ಉಳಿದವರು ಎಷ್ಟೇ ಗಟ್ಟಿಗರಾದರೂ ಪ್ರಯೋಜನವಿಲ್ಲ. 1727 ಅದನ್ನು ತೋರಿಸಿಕೊಟ್ಟಿತು. ಬಂಡೆಯ ಮೇಲಿದ್ದವರಿಗೆ ಊರು ಕಣ್ಣಳತೆಯ ದೂರ, ಆದರೂ ಒಂಬತ್ತು ತಿಂಗಳು.

ಆಮೇಲೆ ಮ್ಯಾಕ್ಲೌಡ್ ಮಾಡಿದ್ದು ಯಾವ ಜಮೀನುದಾರನೂ ಮಾಡುವ ಕೆಲಸ. ಗೇಣಿ ಬರಬೇಕಾದರೆ ಒಕ್ಕಲು ಬೇಕು. ಹ್ಯಾರಿಸ್ ಮೊದಲಾದ ಕಡೆಗಳಿಂದ ಕುಟುಂಬಗಳನ್ನು ತಂದು ಹಿರ್ಟಾದಲ್ಲಿ ಕೂರಿಸಿದ. ಪಾದ್ರಿ ಕೆನೆತ್ ಮೆಕಾಲೆ 1758ರಲ್ಲಿ ಬರುವ ಹೊತ್ತಿಗೆ ಊರು ಮತ್ತೆ ತುಂಬಿ 88 ಜನರಾಗಿದ್ದರು. 1764ರ ಜೂನ್ 15ರ ಒಂದು ಗಣತಿಯ ಹಾಳೆ ಮನೆತನವೊಂದರ ಹಳೆಯ ಕಡತಗಳ ನಡುವೆ 2016ರಲ್ಲಿ ಪತ್ತೆಯಾಯಿತು. ಅದರ ಪ್ರಕಾರ 90 ಜನ: 38 ಗಂಡು, 52 ಹೆಣ್ಣು, 19 ಕುಟುಂಬ, ಮೇಲೆ 9 ಒಂಟಿ ಜೀವ. ಒಬ್ಬೊಬ್ಬರೂ ದಿನಕ್ಕೆ 36 ಮೊಟ್ಟೆ, 18 ಹಕ್ಕಿ ತಿನ್ನುತ್ತಾರೆಂದೂ ಬರೆದಿದೆ. ಜೂನ್ ಎಂದರೆ ಗೂಡುಗಳ ಸುಗ್ಗಿ. ಬರೆದವನು ಸುಗ್ಗಿಯ ಊಟ ನೋಡಿ ವರ್ಷದ ಊಟ ಅಂದುಕೊಂಡಿರಬಹುದು. ನನ್ನ ಕಣ್ಣು ನಿಲ್ಲುವುದು ಮೊಟ್ಟೆಯ ಮೇಲಲ್ಲ, 38 ಮತ್ತು 52ರ ಅಂತರದ ಮೇಲೆ. ಹಗ್ಗ ಮತ್ತು ದೋಣಿಯಿಂದ ಬದುಕುವ ಊರಿನಲ್ಲಿ ಗಂಡಸರು ಯಾಕೆ ಕಡಿಮೆ ಎಂಬುದಕ್ಕೆ ಹಗ್ಗ ಮತ್ತು ದೋಣಿಯೇ ಉತ್ತರವಾಗಿದ್ದರೆ ಆಶ್ಚರ್ಯವಿಲ್ಲ.

ಈ ನಡುವೆ ದ್ವೀಪ ಸೆರೆಮನೆಯೂ ಆಗಿತ್ತು. ಗಂಡನ ಗುಟ್ಟುಗಳನ್ನು ಬಯಲು ಮಾಡುವುದಾಗಿ ಹೆದರಿಸಿದ ಲೇಡಿ ಗ್ರೇಂಜ್ ಎಂಬ ಎಡಿನ್‌ಬರೋದ ಹೆಂಗಸನ್ನು ಅಪಹರಿಸಿ, ಕೊನೆಗೆ 1734ರಲ್ಲಿ ಹಿರ್ಟಾಕ್ಕೆ ತಂದು ಹಾಕಿದರು. ಗೇಲಿಕ್ ಬಿಟ್ಟು ಬೇರೆ ಮಾತು ಬಾರದ ಜನರ ನಡುವೆ ಆಕೆ ಹಲವು ವರ್ಷ ಕಳೆದಳು.

ಊರಿಗೆ ಎರಡನೆಯ ದೊಡ್ಡ ಏಟು ಬಿದ್ದದ್ದು 1852ರಲ್ಲಿ, ಈ ಸಲ ರೋಗದಿಂದಲ್ಲ. ಆಗ ಜನಸಂಖ್ಯೆ 110ರ ಆಸುಪಾಸು. ಅವರಲ್ಲಿ 36 ಜನ ಆಸ್ಟ್ರೇಲಿಯಾಕ್ಕೆ ಹೊರಟುನಿಂತರು. ಲಿವರ್‌ಪೂಲಿನಲ್ಲಿ ‘ಪ್ರಿಸಿಲ್ಲಾ’ ಹಡಗು ಹತ್ತಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ದಾರಿಯಲ್ಲಿ, ಇಲ್ಲವೇ ತಲುಪಿದ ಕೂಡಲೇ ಸತ್ತರು. ಹೊರಗಿನ ರೋಗಗಳನ್ನು ಕಾಣದ ಮೈ, ಹಡಗಿನಲ್ಲಿ ದಡಾರ. ಮೆಲ್ಬರ್ನಿನಲ್ಲಿ ಸೇಂಟ್ ಕಿಲ್ಡಾ ಎಂಬ ಬಡಾವಣೆ ಇದೆ, ಕ್ರಿಕೆಟ್ ಹಿಂಬಾಲಿಸುವವರಿಗೆ ಹೆಸರು ಗೊತ್ತು. ಅದು ಇವರಿಂದ ಬಂದ ಹೆಸರಲ್ಲ. ಇವರಿಗಿಂತ ಮೊದಲೇ ಅಲ್ಲಿ ಲಂಗರು ಹಾಕಿದ್ದ ‘ಲೇಡಿ ಆಫ್ ಸೇಂಟ್ ಕಿಲ್ಡಾ’ ಎಂಬ ಹಾಯಿಹಡಗಿನಿಂದ ಬಂದದ್ದು.

ಮೂರರಲ್ಲೊಂದು ಪಾಲು ಜನ ಒಮ್ಮೆಲೇ ಹೋದ ಊರು ಸಾಮಾನ್ಯವಾಗಿ ಒಂದೆರಡು ತಲೆಮಾರಿನಲ್ಲಿ ಮತ್ತೆ ತುಂಬುತ್ತದೆ. ಹಿರ್ಟಾ ತುಂಬಲಿಲ್ಲ. 1861ರಿಂದ 1921ರ ತನಕ ಯಾವ ಜನಗಣತಿ ತೆಗೆದರೂ ಅಂಕಿ 71ಕ್ಕೂ 80ಕ್ಕೂ ನಡುವೆ ನಿಂತಿದೆ. ಕಾರಣ ತೊಟ್ಟಿಲಲ್ಲಿತ್ತು. ಹುಟ್ಟಿದ ಮಗು ನಾಲ್ಕೈದು ದಿನ ಚೆನ್ನಾಗಿ ಹಾಲು ಕುಡಿಯುತ್ತಿತ್ತು. ಆಮೇಲೆ ದವಡೆ ಬಿಗಿದುಕೊಳ್ಳುತ್ತಿತ್ತು, ಮೈ ಸೆಟೆಯುತ್ತಿತ್ತು, ಎಂಟನೆಯ ದಿನದ ಹೊತ್ತಿಗೆ ಸಾಯುತ್ತಿತ್ತು. ‘ಎಂಟು ದಿನದ ಕಾಯಿಲೆ’ ಎಂದೇ ಅದಕ್ಕೆ ಹೆಸರು. ನವಜಾತ ಶಿಶುಗಳ ಧನುರ್ವಾಯು. ಹತ್ತೊಂಬತ್ತನೆಯ ಶತಮಾನದ ಬಹುಕಾಲ ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಇದಕ್ಕೇ ಹೋದವು. ದೇವರು ಕೊಟ್ಟ, ದೇವರು ಕೊಂಡ ಎಂದು ಜನ ಒಪ್ಪಿಕೊಂಡುಬಿಟ್ಟಿದ್ದರು.

ರೋಗ ಹೇಗೆ ಬರುತ್ತಿತ್ತು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಸೂಲಗಿತ್ತಿ ಹೊಕ್ಕುಳಿಗೆ ಹಚ್ಚುತ್ತಿದ್ದ ಫುಲ್ಮಾರ್ ಎಣ್ಣೆಯಲ್ಲಿ, ಅದನ್ನು ತುಂಬಿಡುತ್ತಿದ್ದ ಗ್ಯಾನೆಟ್ ಹಕ್ಕಿಯ ಜಠರದ ಚೀಲದಲ್ಲಿ ರೋಗಾಣು ಇತ್ತು ಎಂಬುದು ಬಹುಕಾಲ ನಡೆದುಬಂದ ವಿವರಣೆ. ಇತ್ತೀಚಿನ ಕೆಲವು ವೈದ್ಯರು ಅದನ್ನು ಒಪ್ಪುವುದಿಲ್ಲ. ಗೊಬ್ಬರ ಬೆರೆತ ಮಣ್ಣೇ ಸಾಕಾಗಿತ್ತು, ಎಣ್ಣೆಯನ್ನು ದೂರಲು ಪುರಾವೆ ಸಾಲದು ಎನ್ನುತ್ತಾರೆ. ಪರಿಹಾರದ ಬಗ್ಗೆ ಮಾತ್ರ ಜಗಳವಿಲ್ಲ. 1889ರಲ್ಲಿ ಬಂದ ಆಂಗಸ್ ಫಿಡ್ಡಿಸ್ ಎಂಬ ಪಾದ್ರಿ ಮಕ್ಕಳ ಸಾವನ್ನು ದೈವಚಿತ್ತವೆಂದು ಕೈಕಟ್ಟಿ ಕೂರಲಿಲ್ಲ. ಗ್ಲಾಸ್ಗೋಗೆ ಹೋಗಿ, ಹೊಕ್ಕುಳಬಳ್ಳಿ ಕತ್ತರಿಸುವಾಗ ಕ್ರಿಮಿನಾಶಕ ಬಳಸಿ ಶುಚಿಯಾಗಿ ಕಟ್ಟುವುದನ್ನು ಕಲಿತು ಬಂದ, ಊರವರ ಕೊಂಕುಮಾತಿಗೆ ಜಗ್ಗದೆ ಜಾರಿಗೆ ತಂದ. 1890ರ ದಶಕದಲ್ಲಿ ಕಾಯಿಲೆ ಹೇಳಹೆಸರಿಲ್ಲದಂತಾಯಿತು. ನಮ್ಮಲ್ಲೂ ಇದು ಬಹಳ ಹಿಂದಿನ ಮಾತಲ್ಲ. ಭಾರತ ತಾಯಿ ಮತ್ತು ಶಿಶುಗಳ ಧನುರ್ವಾಯುವಿನಿಂದ ಮುಕ್ತವೆಂದು ಘೋಷಣೆಯಾದದ್ದು 2015ರಲ್ಲಿ.

ಮಕ್ಕಳು ಉಳಿಯತೊಡಗಿದರು. ಆದರೆ ಅವರು ಬೆಳೆದು ದೊಡ್ಡವರಾದ ಜಗತ್ತು ಬೇರೆಯಾಗಿತ್ತು. 1860ರ ಬಿರುಗಾಳಿಯಲ್ಲಿ ಮನೆಗಳು ಹಾಳಾದ ಮೇಲೆ ಒಡೆಯರು ಹದಿನಾರು ಹೊಸ ಮನೆಗಳನ್ನು ಸಾಲಾಗಿ ಕಟ್ಟಿಸಿದ್ದರು. ಕಿಟಕಿ, ಹೊಗೆಕೊಳವೆ, ಸತುವಿನ ತಗಡಿನ ಮಾಡು. ನೋಡಲು ಚೆಂದ, ದಪ್ಪ ಗೋಡೆಯ ಹಳೆಯ ಮನೆಗಳ ಬೆಚ್ಚನೆ ಮಾತ್ರ ಇಲ್ಲ. 1877ರಿಂದ ‘ಡುನಾರಾ ಕ್ಯಾಸಲ್’ ಉಗಿಹಡಗು ಬೇಸಿಗೆಯಲ್ಲಿ ಪ್ರವಾಸಿಗರನ್ನು ತರತೊಡಗಿತು. ಅವರು ಕೊಲ್ಲಿಯಲ್ಲಿ ಇಳಿದು, ಮುಂಜಾನೆ ಬೀದಿಯಲ್ಲಿ ಸೇರಿ ಆ ದಿನದ ಕೆಲಸ ನಿರ್ಧರಿಸುವ ಗಂಡಸರ ಕೂಟವನ್ನು ‘ಪಾರ್ಲಿಮೆಂಟ್’ ಎಂದು ಕರೆದು ಫೋಟೊ ತೆಗೆದರು. ಉಣ್ಣೆಬಟ್ಟೆ, ಕಾಲುಚೀಲ, ಮೊಟ್ಟೆ ಕೊಂಡರು. ಹಡಗು ಬಂದು ಹೋದ ಮೇಲೆ ಊರಿಗೆಲ್ಲ ನೆಗಡಿ ಹಿಡಿಯುತ್ತಿತ್ತು. ಈ ನೆಗಡಿಯ ವಿಷಯ ಮಾರ್ಟಿನ್ನನ ಕಾಲದಲ್ಲೇ ಪ್ರಸಿದ್ಧ. ಕಟ್ಟುಕತೆಯೆಂದು ನಕ್ಕವರೇ ಹೆಚ್ಚು. ರೋಗಾಣು ಎಂಬ ಮಾತು ಬಂದ ಮೇಲೆ ನಗು ನಿಂತಿತು.

ಹಣ ಬಂತು, ಹಣದ ಜೊತೆ ಬೆಲೆಯ ಏರಿಳಿತವೂ ಬಂತು. ಪುಕ್ಕಕ್ಕೂ ಎಣ್ಣೆಗೂ ಬೇಡಿಕೆ ಇಳಿಯಿತು. ಬ್ರಿಟನ್ನಿನಲ್ಲಿ ಫುಲ್ಮಾರ್ ಗೂಡು ಕಟ್ಟುತ್ತಿದ್ದದ್ದು ಶತಮಾನಗಳ ಕಾಲ ಇಲ್ಲಿ ಮಾತ್ರ. 1878ರಲ್ಲಿ ಅದು ದೂರದ ಫೌಲಾ ದ್ವೀಪದಲ್ಲೂ ನೆಲೆ ಕಂಡುಕೊಂಡಿತು. ಹಕ್ಕಿಯೇ ಊರು ಬಿಟ್ಟು ಹರಡತೊಡಗಿತ್ತು. ಶಾಲೆ ಬಂತು, ಮಕ್ಕಳು ಇಂಗ್ಲಿಷ್ ಕಲಿತರು. ಅಂಚೆ ಕಚೇರಿ ಬಂತು, ಮೇಲ್ ಆರ್ಡರ್ ಪುಸ್ತಕಗಳು ಬಂದವು.

ಮೊದಲ ಮಹಾಯುದ್ಧ ಹಿರ್ಟಾಕ್ಕೆ ಒಂದು ಬಗೆಯ ಸುಗ್ಗಿ. ನೌಕಾಪಡೆ ಇಲ್ಲಿ ಸಂಕೇತ ಠಾಣೆ ಇಟ್ಟಿತು. ಚಳಿಗಾಲದಲ್ಲೂ ಹಡಗು, ಚಳಿಗಾಲದಲ್ಲೂ ಅಂಚೆ. ಗಂಡಸರಿಗೆ ಕೂಲಿ ಕೆಲಸ. 1918ರ ಮೇ 15ರಂದು ಜರ್ಮನ್ ಜಲಾಂತರ್ಗಾಮಿಯೊಂದು ಕೊಲ್ಲಿಗೆ ಬಂದು, ಮುನ್ಸೂಚನೆ ಕೊಟ್ಟು, ಠಾಣೆಯ ಮೇಲೆ ಎಪ್ಪತ್ತಕ್ಕೂ ಹೆಚ್ಚು ಗುಂಡು ಹಾರಿಸಿತು. ಕೆಲವು ಕಟ್ಟಡ ಉರುಳಿದವು. ಮನುಷ್ಯರಿಗೆ ಏನೂ ಆಗಲಿಲ್ಲ, ಒಂದು ಕುರಿಮರಿ ಸತ್ತಿತು. ಆಮೇಲೆ ಸರಕಾರ ಒಂದು ದೊಡ್ಡ ಫಿರಂಗಿ ತಂದು ನಿಲ್ಲಿಸಿತು. ಅದು ಶತ್ರುವಿನ ಮೇಲೆ ಒಮ್ಮೆಯೂ ಸಿಡಿಯಲಿಲ್ಲ. ಈಗಲೂ ಅಲ್ಲೇ ಇದೆ. ಯುದ್ಧ ಮುಗಿದದ್ದೇ ನೌಕಾಪಡೆ ಹೊರಟಿತು, ಚಳಿಗಾಲದ ಹಡಗೂ ಹೊರಟಿತು. ಕೂಲಿಯ ರುಚಿ ಕಂಡ ಹುಡುಗರು ಉಳಿದಿದ್ದರು. ಒಬ್ಬೊಬ್ಬರಾಗಿ ಅವರೂ ಹೊರಟರು.

1921ರಲ್ಲಿ 73 ಇದ್ದ ಅಂಕಿ 1928ರ ಹೊತ್ತಿಗೆ ಅರ್ಧಕ್ಕೆ ಇಳಿದಿತ್ತು. ಇಲ್ಲಿ ಮತ್ತೆ ಕೈಗಳ ಲೆಕ್ಕ. ಗುಳೆ ಹೋಗುವವರು ಮುದುಕರಲ್ಲ, ಮಕ್ಕಳಲ್ಲ. ಹಗ್ಗ ಹಿಡಿಯುವ ವಯಸ್ಸಿನವರು. 1926ರಲ್ಲಿ ಇನ್‌ಫ್ಲುಯೆಂಜಾ ನಾಲ್ವರು ಗಂಡಸರನ್ನು ಕೊಂಡೊಯ್ದಿತು. ಬೇರೆ ಊರಿನಲ್ಲಾದರೆ ನಾಲ್ಕು ಸಾವು ನಾಲ್ಕು ಮನೆಯ ದುಃಖ. ಹಿರ್ಟಾದಲ್ಲಿ ಅದು ಒಂದು ದೋಣಿಯ ಅರ್ಧ ಹುಟ್ಟುಗಳು. 1930ರ ಚಳಿಗಾಲದಲ್ಲಿ ಗರ್ಭಿಣಿಯೊಬ್ಬಳಿಗೆ ಕಾಯಿಲೆಯಾಯಿತು. ಸಾಗಿಸಲು ಹಡಗು ಸಿಗುವುದು ತಡವಾಯಿತು, ಸಿಕ್ಕಾಗ ಗ್ಲಾಸ್ಗೋ ಆಸ್ಪತ್ರೆ ಸೇರಿದಳು, ಮರಳಿ ಬರಲಿಲ್ಲ. ಆ ಸಾವು ಊರಿನ ಮನಸ್ಸನ್ನು ತಿರುಗಿಸಿತು ಎಂದು ಎಲ್ಲ ಚರಿತ್ರೆಗಳೂ ಹೇಳುತ್ತವೆ.

ದ್ವೀಪದ ನರ್ಸ್ ವಿಲ್ಲಿಯಮಿನಾ ಬಾರ್ಕ್ಲೆ ಮತ್ತು ಪಾದ್ರಿ ಡುಗಾಲ್ಡ್ ಮನ್ರೊ ಮನೆಮನೆಯವರ ಜೊತೆ ಮಾತಾಡಿದರು. 1930ರ ಮೇ 10ರಂದು ಸ್ಕಾಟ್ಲೆಂಡ್ ವ್ಯವಹಾರಗಳ ಮಂತ್ರಿ ವಿಲಿಯಂ ಆಡಮ್ಸನ್‌ಗೆ ಅರ್ಜಿ ಸಿದ್ಧವಾಯಿತು. ಇಪ್ಪತ್ತು ಮಂದಿ ಸಹಿ ಮಾಡಿದರು. ಅರ್ಜಿಯಲ್ಲಿ ಗೋಳಾಟವಿಲ್ಲ. ಕೆಲವು ಗಂಡಸರು ಕೆಲಸ ಹುಡುಕಿ ಹೋಗುವುದೆಂದು ಗಟ್ಟಿಮಾಡಿದ್ದಾರೆ, ಈಗಿರುವ ಜನವೇ ಊರ ಕೆಲಸಕ್ಕೆ ಸಾಲುತ್ತಿಲ್ಲ, ಅವರೂ ಹೋದರೆ ಇನ್ನೊಂದು ಚಳಿಗಾಲ ಕಳೆಯಲಾಗದು ಎಂಬುದು ಅದರ ತಿರುಳು. 1727ರಲ್ಲಿ ಬಂಡೆಯ ಮೇಲಿದ್ದವರಿಗೆ ತಿಳಿದಿದ್ದ ಸಂಗತಿಯೇ, ಈಗ ಸರಕಾರಿ ಅರ್ಜಿಯ ರೂಪದಲ್ಲಿ.

ಮೇಲಧಿಕಾರಿಗಳು ಬಂದು ನೋಡಿಹೋದರು. ಆಗಸ್ಟ್ ಕೊನೆಗೆ ‘ಡುನಾರಾ ಕ್ಯಾಸಲ್’ ಬಂದು ಕುರಿ, ದನಗಳನ್ನು ಹೇರಿಕೊಂಡಿತು. ಬಂಡೆಗಳಲ್ಲಿ ಚದುರಿದ್ದ ಸಾವಿರಕ್ಕೂ ಹೆಚ್ಚು ಕುರಿಗಳನ್ನು ಅಟ್ಟಿ ತರುವುದೇ ಒಂದು ಸಾಹಸ. ಕೆಲಸ ಮುಗಿದ ಮೇಲೆ ಕುರಿನಾಯಿಗಳ ಕೊರಳಿಗೆ ಕಲ್ಲು ಕಟ್ಟಿ ಸಮುದ್ರಕ್ಕೆ ತಳ್ಳಿದರು. 29ರ ಬೆಳಗ್ಗೆ ಪ್ರತಿ ಮನೆಯಲ್ಲೂ ಒಂದು ಬೈಬಲ್ ತೆರೆದಿಟ್ಟು, ಪಕ್ಕದಲ್ಲಿ ಒಂದಿಷ್ಟು ಓಟ್ಸ್ ಕಾಳು ಗುಡ್ಡೆ ಹಾಕಿ, ಬಾಗಿಲಿಗೆ ಬೀಗ ಹಾಕಿ, ನೌಕಾಪಡೆಯ ‘ಹೇರ್‌ಬೆಲ್’ ಹಡಗು ಹತ್ತಿದರು. ಒಟ್ಟು 36 ಜನ. ಆಸ್ಟ್ರೇಲಿಯಾಕ್ಕೆ ಹೋದವರೂ ಅಷ್ಟೇ ಇದ್ದರು. 13 ಗಂಡಸರು, 10 ಹೆಂಗಸರು, ಉಳಿದವರು ಮಕ್ಕಳು.

ಈ ಊರು ಯಾಕೆ ಮುಗಿಯಿತು ಎಂಬುದಕ್ಕೆ ಎರಡು ಉತ್ತರಗಳಿವೆ. ಹೊರಜಗತ್ತು ಬಂದು ಕೆಡಿಸಿತು ಎಂಬುದು ಹಳೆಯದು. ಟಾಮ್ ಸ್ಟೀಲ್ ಮುಂತಾದವರ ಪುಸ್ತಕಗಳು ಅದನ್ನು ಮನಮುಟ್ಟುವಂತೆ ಹೇಳಿದವು. ಕಟ್ಟುನಿಟ್ಟಿನ ಪಾದ್ರಿಗಳು, ಪ್ರವಾಸಿಗರ ಚಿಲ್ಲರೆ ಕಾಸು, ದಾನಶೂರರ ಕರುಣೆ ಎಲ್ಲ ಸೇರಿ ಸ್ವಾವಲಂಬಿ ಜನರನ್ನು ಪರಾವಲಂಬಿಗಳಾಗಿಸಿದವು ಎಂಬ ವಾದ. ಪುರಾತತ್ವಜ್ಞ ಆಂಡ್ರ್ಯೂ ಫ್ಲೆಮಿಂಗ್ ಇದನ್ನು ತಿರುಗಿಸಿ ಹಾಕಿದ. ಹಿರ್ಟಾ ಯಾವ ಕಾಲದಲ್ಲೂ ತನ್ನಷ್ಟಕ್ಕೆ ತಾನಿದ್ದ ಊರಲ್ಲ. ಗೇಣಿ, ಧಾನ್ಯ, ಮದುವೆ, ಒಕ್ಕಲು, ಎಲ್ಲದರಲ್ಲೂ ಹೆಬ್ರಿಡೀಸ್ ಜೊತೆ ಹೆಣೆದುಕೊಂಡಿತ್ತು ಎನ್ನುತ್ತಾನೆ. ನನಗೆ ಎರಡನೆಯದೇ ಸರಿ ಕಾಣುತ್ತದೆ. 1727ರಲ್ಲಿ ಊರು 1930ಕ್ಕಿಂತ ಹೀನಾಯವಾಗಿ ಖಾಲಿಯಾಗಿತ್ತು, ಆದರೂ ಮತ್ತೆ ತುಂಬಿತು. ಯಾಕೆಂದರೆ ಹೊರಗಿನಿಂದ ಜನ ತಂದು ತುಂಬುವುದು ಒಬ್ಬ ಒಡೆಯನಿಗೆ ಲಾಭವಾಗಿತ್ತು. 1930ರಲ್ಲಿ ಪುಕ್ಕದ ಗೇಣಿ ಯಾರಿಗೂ ಬೇಕಿರಲಿಲ್ಲ. ಹೋಗುವ ದಾರಿ ಮಾತ್ರ ತೆರೆದಿತ್ತು, ಬರುವವರು ಯಾರೂ ಇರಲಿಲ್ಲ.

ಹಡಗು ಹೆಚ್ಚಿನವರನ್ನು ಇಳಿಸಿದ್ದು ಮಾರ್ವೆನ್ ಸೀಮೆಯ ಲಾಕಲೈನ್‌ನಲ್ಲಿ. ಸರಕಾರ ಗಂಡಸರಿಗೆ ಕೊಟ್ಟ ಕೆಲಸ ಅರಣ್ಯ ಇಲಾಖೆಯಲ್ಲಿ. ಮರವನ್ನೇ ಕಾಣದ ದ್ವೀಪದವರಿಗೆ ಮರ ನೆಡುವ ಕೂಲಿ! ಒಟ್ಟಿಗೆ ಬಂದವರು ಚದುರಿದ ಮನೆಗಳಲ್ಲಿ ಬೇರೆಬೇರೆಯಾದರು. 1931ರಲ್ಲಿ ಮ್ಯಾಕ್ಲೌಡ್‌ಗಳು ದ್ವೀಪವನ್ನು ಲಾರ್ಡ್ ಡಮ್‌ಫ್ರೀಸ್‌ಗೆ ಮಾರಿದರು. ಆತನಿಗೆ ಹಕ್ಕಿಗಳ ಮೇಲೆ ಪ್ರೀತಿ. ದ್ವೀಪ ಖಾಲಿಯಾದ ಕತೆಯಿಂದ ಸ್ಫೂರ್ತಿ ಪಡೆದ ಮೈಕಲ್ ಪೊವೆಲ್ ಸಿನಿಮಾ ತೆಗೆಯಲು ಕೇಳಿದಾಗ ಆತ ಒಪ್ಪಲಿಲ್ಲ. 1937ರ ಆ ಚಿತ್ರ ಫೌಲಾದಲ್ಲಿ ತಯಾರಾಯಿತು.

ಮನುಷ್ಯರು ಹೋದ ಕೆಲವೇ ವರ್ಷಗಳಲ್ಲಿ, ಅವರ ಮನೆಗಳನ್ನೇ ನಂಬಿದ್ದ, ಬೇರೆಲ್ಲೂ ಇಲ್ಲದ ಒಂದು ಬಗೆಯ ಮನೆಯಿಲಿ ನಿರ್ವಂಶವಾಯಿತು. 1932ರಲ್ಲಿ ಸೋಯ್ ದ್ವೀಪದಿಂದ 107 ಕಾಡುಕುರಿಗಳನ್ನು ತಂದು ಹಿರ್ಟಾದಲ್ಲಿ ಬಿಟ್ಟರು. ಅವು ಹೆಚ್ಚಿದವು, ಮೇವು ಮುಗಿದ ಚಳಿಗಾಲಗಳಲ್ಲಿ ರಾಶಿರಾಶಿ ಸತ್ತು, ಮತ್ತೆ ಹೆಚ್ಚಿದವು. 1985ರಿಂದ ವಿಜ್ಞಾನಿಗಳು ಅವುಗಳ ಕಿವಿಗೆ ಗುರುತು ಹಾಕಿ ಹುಟ್ಟುಸಾವು ಬರೆದಿಡುತ್ತಿದ್ದಾರೆ. ಜನಸಂಖ್ಯೆಗಳು ಏರಿಳಿಯುವ ಬಗೆಯನ್ನು ಅರಿಯಬೇಕೆನ್ನುವ ಜೀವವಿಜ್ಞಾನಿಗಳು ಈ ಕುರಿಗಳ ಲೆಕ್ಕ ಓದದೆ ಮುಂದೆ ಹೋಗುವುದಿಲ್ಲ. 1986ರಲ್ಲಿ ದ್ವೀಪಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು ಪ್ರಕೃತಿಯ ಹೆಸರಿನಲ್ಲಿ; ಅಲ್ಲಿ ಬಾಳಿದ ಜನರ ಹೆಸರಿನಲ್ಲಿ ಮನ್ನಣೆ ಸಿಕ್ಕಿದ್ದು 2005ರಲ್ಲಿ.

ಅದಕ್ಕೆ ಬಹಳ ಮುಂಚೆ, 1957ರಲ್ಲಿ, ಸೇನೆ ಹಿರ್ಟಾಕ್ಕೆ ಬಂದಿತ್ತು. ಹೆಬ್ರಿಡೀಸ್‌ನಿಂದ ಹಾರಿಸುವ ಕ್ಷಿಪಣಿಗಳ ಜಾಡು ಹಿಡಿಯಲು ರಡಾರ್ ಠಾಣೆ ಬೇಕಾಗಿತ್ತು. ಬೆಟ್ಟದ ತುದಿಗೆ ರಸ್ತೆ ಹಾಕಿದರು, ವಿದ್ಯುತ್ತು ತಂದರು, ವರ್ಷವಿಡೀ ಸಿಬ್ಬಂದಿ ಇಟ್ಟರು, ಮುಂದೆ ಹೆಲಿಕಾಪ್ಟರ್ ಓಡಾಡತೊಡಗಿತು. ಮೂವತ್ತಾರು ಜನಕ್ಕೆ ಚಳಿಗಾಲದ ಒಂದು ಹಡಗನ್ನು ಒದಗಿಸಲಾಗದ ಸರಕಾರಕ್ಕೆ, ಇಪ್ಪತ್ತೇಳು ವರ್ಷಗಳ ಬಳಿಕ, ಅದೇ ಕೊಲ್ಲಿಯಲ್ಲಿ ಇಷ್ಟೆಲ್ಲ ಸಾಧ್ಯವಾಯಿತು.